ಕುರ್ಪಿಗೆ ಹಚ್ಚಿದ ನಂಬರು

ತಂಗಿಯ ನಿಶ್ಚಿತಾರ್ಥ ಮುಗಿಸಿ ದೇವದುರ್ಗದಿಂದ ಮರಳಿದ ದಿನ ನೋಡುತ್ತೇನೆ, ನನ್ನ ಸಾಮಾನು ಕೋಣೆಗೆ ಯಾರೋ ಅರಿಶಿನ ಎರಚಿದ ಹಾಗಿತ್ತು. ಹುಲ್ಲು ಕತ್ತರಿಸುವ ಯಂತ್ರಗಳ ಮೇಲೆ ಹಳದಿ ಬಣ್ಣದ ನಂಬರು. ನೀರಿನ ಪೈಪುಗಳ ಮೇಲೆ ನಂಬರು. ಔಷಧಿ ಹೊಡೆಯುವ ಪಂಪು, ರೋಲರು, ಬಕೆಟ್ಟು, ಏಣಿ, ಕೊನೆಗೆ ಕಸಬರಿಗೆಯ ಹಿಡಿಯನ್ನೂ ಬಿಟ್ಟಿರಲಿಲ್ಲ.

ರಾಯಚೂರಿನಿಂದ ಕಲ್ಮಲದ ಕಡೆ ಹೋಗುವ ದಾರಿಯಲ್ಲಿರುವ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ನಾನು ಸ್ಟೋರ್ ಕೀಪರ್. ಯಾವ ಯಂತ್ರ ಯಾವಾಗ ಬಂತು, ಯಾವುದರ ಬ್ಲೇಡು ಮೊಂಡಾಯಿತು, ಯಾವುದು ರಿಪೇರಿಗೆ ಹೋಯಿತು, ಯಾವುದು ಗುಜರಿಗೆ ಬಿತ್ತು ಎಂದು ರಿಜಿಸ್ಟರಿನಲ್ಲಿ ಬರೆದಿಡುವುದು ನನ್ನ ಕೆಲಸ. ಅದು ನನಗೆ ಇಷ್ಟದ ಕೆಲಸವೂ ಹೌದು. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮರುದಿನ ತುದಿಯೆಲ್ಲ ಬೆಳ್ಳಗಾಗಿ ಮೈದಾನಕ್ಕೆ ಮೈದಾನವೇ ರೋಗ ಹಿಡಿದಂತೆ ಕಾಣುತ್ತದೆ. ಹಾಗಾಗದಂತೆ ಕಾಯುವುದು ಆ ರಿಜಿಸ್ಟರು. ನಾನಿಲ್ಲದಾಗ ಬೇರೆಯವರು ಅದಕ್ಕೆ ಕೈ ಹಾಕಿದರೆ ನನಗೆ ಸಿಟ್ಟು ಬರುತ್ತದೆ. ಆ ದಿನ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮ್ಯಾನೇಜರ್ ವಿರೂಪಣ್ಣನವರು ನನ್ನ ರಜೆ ನೋಡಿಕೊಂಡೇ ಹೈದರಾಬಾದಿನಿಂದ ಲೆಕ್ಕದವರನ್ನು ಕರೆಸಿದ್ದರು. ಕೋಣೆಯೊಳಗೆ ಇರುವುದೆಲ್ಲ ಕ್ಲಬ್ಬಿನದು, ನಂಬರು ಹಚ್ಚಿ ಬರೆದುಕೊಳ್ಳಿ ಎಂದು ಅಪ್ಪಣೆ ಕೊಟ್ಟಿದ್ದರು. ಬಾಗಿಲಿಗೆ ಹೊಸದೊಂದು ನೋಟೀಸು ಬೇರೆ: ನಂಬರು ಹಚ್ಚಿದ ಸಾಮಾನು ಗೇಟು ದಾಟಬೇಕಾದರೆ ಪಾಸು ಬೇಕು, ಪಾಸಿನ ಮೇಲೆ ಮ್ಯಾನೇಜರರದೂ ಸ್ಟೋರ್ ಕೀಪರಳದೂ ಎರಡೂ ಸಹಿ ಇರಬೇಕು. ಇರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಿಟಕಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿಟ್ಟ, ಕಳೆ ಕೀಳುವ ಕುರ್ಪಿಗಳ ಹಿಡಿಯ ಮೇಲೂ ಹಳದಿ ನಂಬರು ಕಂಡಾಗ ನನಗೆ ಮೈ ಉರಿಯಿತು.

ಆ ಕುರ್ಪಿಗಳು ಕ್ಲಬ್ಬಿನವಲ್ಲ. ಈ ಮೈದಾನದ ಹುಲ್ಲು ಅಂದರೆ ನಮ್ಮ ಕರಿಕೆಯ ಜಾತಿಯದೇ. ಅದರ ನಡುವೆ ಜೇಕು ಎಂಬ ಕಳೆ ಏಳುತ್ತದೆ. ಜೇಕನ್ನು ಯಾವ ಯಂತ್ರವೂ ಕೀಳಲಾರದು, ಗಡ್ಡೆಸಹಿತ ಕೈಯಿಂದಲೇ ಕೀಳಬೇಕು. ಅದಕ್ಕೆಂದು ಕಲ್ಮಲದಿಂದ ಹೆಣ್ಣುಮಕ್ಕಳು ಬರುತ್ತಾರೆ, ಬರುವಾಗ ತಮ್ಮ ತಮ್ಮ ಮನೆಯ ಕುರ್ಪಿ ತರುತ್ತಾರೆ. ದಿನಾ ಆಟೋದಲ್ಲಿ ಹೊತ್ತು ತಿರುಗುವುದು ಬೇಡವೆಂದು ನನ್ನ ಕೋಣೆಯಲ್ಲಿ ಇಟ್ಟು ಹೋಗುತ್ತಾರೆ. ಕ್ಲಬ್ಬು ಒಂದೇ ಒಂದು ಕುರ್ಪಿಯನ್ನೂ ಕೊಂಡಿಲ್ಲ. ಕೊಳ್ಳದ್ದನ್ನು ನಾನು ರಿಜಿಸ್ಟರಿನಲ್ಲಿ ಬರೆದೂ ಇರಲಿಲ್ಲ.

ಅವರಲ್ಲಿ ಹಿರಿಯಳು ದುರುಗಮ್ಮ. "ಹೊಲದಾಗ ಕರಿಕಿ ಕಿತ್ತು ಕಿತ್ತು ಸೊಂಟ ಮುರಕೊಂಡೆ. ಇಲ್ಲಿ ನೋಡಿದ್ರ ಅದ ಕರಿಕಿಗೆ ಬಾಣಂತನ ಮಾಡಾಕತ್ತೀನಿ," ಎಂದು ನಗುವವಳು. ಅವಳ ಕುರ್ಪಿ ತವರಿನದು. ತವರೂರು ಕುರ್ಡಿಯಿಂದ ಗಂಡನ ಮನೆಗೆ ಬರುವಾಗ ಅವರವ್ವ ಕವಿತಾಳದ ಕಂಬಾರನ ಹತ್ತಿರ ಬಡಿಸಿ ಕೊಟ್ಟದ್ದು. ಜಾಲಿಯ ಹಿಡಿ ಅವಳ ಹೆಬ್ಬೆರಳು ಕೂರುವಷ್ಟು ಜಾಗದಲ್ಲಿ ತಗ್ಗಾಗಿದೆ. ಆ ತಗ್ಗಿನ ಮೇಲೆಯೇ ನಂಬರು ಬರೆದಿದ್ದರು.

ಸಂಜೆ ಮ್ಯಾನೇಜರರ ಹತ್ತಿರ ಮಾತಾಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಗದ್ದಲ ಕೇಳಿತು. ಓಡಿದೆ.

ಗೇಟಿನ ಅಡ್ಡಕಂಬಿ ಇಳಿದಿತ್ತು. ಕಾವಲಿನ ಅಬ್ದುಲ್ ವಹೀದ್ ಚಾಚಾ ತಲೆ ತಗ್ಗಿಸಿ ನಿಂತಿದ್ದರು. ವಿರೂಪಣ್ಣನವರ ಕೈಯಲ್ಲಿ ದುರುಗಮ್ಮನ ಕುರ್ಪಿ. ಉಳಿದ ಹೆಣ್ಣುಮಕ್ಕಳು ಆಟೋ ಹತ್ತುವುದನ್ನು ಬಿಟ್ಟು ಸುತ್ತ ನೆರೆದಿದ್ದರು.

"ನಾಳಿ ಖಂಡೇ ಪೂಜಿ ಅದರೀ ಸಾಹೇಬ್ರ. ಕುರ್ಪಿ ತೊಳದು, ಕುಂಕುಮ ಹಚ್ಚಿ ದೇವರ ಜಗಲಿ ಮ್ಯಾಲ ಇಡಬೇಕು. ಹಬ್ಬ ಮುಗದ ಮ್ಯಾಲ ತರ್ತೀನಿ," ಎಂದಳು ದುರುಗಮ್ಮ.

"ನಂಬರ್ ಹಚ್ಚಿದ ಸಾಮಾನು ಸೆರಗಿನಾಗ ಮುಚ್ಚಿಕೊಂಡು ಒಯ್ಯೋರಿಗೆ ಏನಂತಾರ ಗೊತ್ತೇನು? ಕಳ್ಳಿ ಅಂತಾರ, ಕಳ್ಳಿ!" ಎಂದು ಅವರು ಕೂಗಿದರು. ರಸ್ತೆಯಲ್ಲಿ ನಿಂತಿದ್ದ ಆಟೋದವನು ಹೊರಗೆ ತಲೆ ಹಾಕಿ ನೋಡಿದ.

"ಮುಚ್ಚಿಲ್ಲರೀ. ಆಟೋದಾಗ ಯಾರಿಗ್ಯಾರ ತಾಗೀತಂತ ಸುತ್ತೀನಿ."

ನಾನು ನಡುವೆ ಬಂದೆ. "ಸರ್, ಅದು ಆಕಿದೇ. ಹಲಗಿ ಮ್ಯಾಲಿರೋ ಎಲ್ಲಾ ಕುರ್ಪಿನೂ ಅವರವರವು. ನೀವು ನನ್ನೊಂದು ಮಾತು ಕೇಳಬೇಕಿತ್ತು."

"ರೂಮಿನೊಳಗ ಇದ್ದದ್ದೆಲ್ಲಾ ಕ್ಲಬ್ಬಿಂದು, ವಿಶಾಖಾ. ರೂಲ್ ಅಂದ್ರ ರೂಲ್. ಎಲ್ಲಾರಿಗೂ ಒಂದ. ಆಕಿಂದು ಅನ್ನಾಕ ಬಿಲ್ ಎಲ್ಲದ?"

"ಕವಿತಾಳದ ಕಂಬಾರ ಬಿಲ್ ಕೊಡ್ತಾನೇನ್ರೀ?"

"ಹಂಗಾದ್ರ ಕ್ಲಬ್ಬಿಂದು." ಕುರ್ಪಿಯನ್ನು ನನ್ನ ಕೈಗೆ ತುರುಕಿದರು. "ದುರುಗಮ್ಮನ ಕಡಿಂದ ಸಿಕ್ತು ಅಂತ ರಿಜಿಸ್ಟರಿನಾಗ ಬರದು ಸಹಿ ಮಾಡು. ಹಬ್ಬ ಆದ ಮ್ಯಾಲ ಈಕಿ ಕೆಲಸಕ್ಕ ಬರೋದು ಬ್ಯಾಡ."

ದುರುಗಮ್ಮ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕೈಯಲ್ಲಿದ್ದ ಕುರ್ಪಿಯನ್ನೊಮ್ಮೆ, ತನ್ನ ಖಾಲಿ ಅಂಗೈಯನ್ನೊಮ್ಮೆ ನೋಡಿಕೊಂಡಳು. "ಕಲ್ಮಲದಾಗ ನಾ ಮಾರಿ ಹೆಂಗ ತೋರಸ್ಲಿ ಯವ್ವಾ," ಎಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿ ಆಟೋ ಹತ್ತಿದಳು.

ನಮ್ಮ ಮನೆಯಲ್ಲಿ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಇಲ್ಲ. ನಾವು ಬುದ್ಧನ ಮುಂದೆ ದೀಪ ಹಚ್ಚುವವರು. ಆದರೆ ನಮ್ಮಜ್ಜಿ ಮಂದಿಯ ಹೊಲದಲ್ಲಿ ಕುರ್ಪಿ ಹಿಡಿದೇ ನಮ್ಮಪ್ಪನನ್ನು ಓದಿಸಿದವಳು. ಹೊಲ ಗೌಡರದು, ಬಾವಿ ಗೌಡರದು, ಬೆಳೆ ಗೌಡರದು. ನಮ್ಮಜ್ಜಿಯದು ಅಂತ ಆ ಹೊಲದಲ್ಲಿ ಇದ್ದದ್ದು ಕುರ್ಪಿ ಒಂದೇ. ಅದನ್ನು ತನ್ನದು ಅನ್ನುವ ಧೈರ್ಯ ಆ ಗೌಡನಿಗೂ ಬಂದಿರಲಿಲ್ಲ. ಈ ಟೈ ಕಟ್ಟಿದ ಗೌಡನಿಗೆ ಬಂತು.

ಕೋಣೆಗೆ ಬಂದು ರಿಜಿಸ್ಟರು ತೆರೆದು ಕೂತೆ. ಪೆನ್ನು ಏಳಲಿಲ್ಲ. ಇಷ್ಟು ವರ್ಷ ಒಂದು ಬೋಲ್ಟಿನ ಲೆಕ್ಕವನ್ನೂ ತಪ್ಪು ಬರೆಯದ ನಾನು ಒಬ್ಬ ಹೆಣ್ಣುಮಗಳನ್ನು ಕಳ್ಳಿ ಎಂದು ಬರೆಯಬೇಕೇ? ತಲೆ ಎತ್ತಿದಾಗ ಮೂಲೆಯಲ್ಲಿ ಒರಗಿಸಿಟ್ಟ ಕರಿ ಚೀಲ ಕಣ್ಣಿಗೆ ಬಿತ್ತು.

ವಿರೂಪಣ್ಣನವರ ಗಾಲ್ಫ್ ಕೋಲುಗಳ ಚೀಲ ಅದು. ಸ್ವಂತದ್ದು. ಮನೆಯಲ್ಲಿ ಮೊಮ್ಮಕ್ಕಳು ಎಳೆದಾಡುತ್ತಾರೆಂದು ನನ್ನ ಕೋಣೆಯಲ್ಲೇ ಇಡುತ್ತಿದ್ದರು. ಲೆಕ್ಕದವರು ಕಸಬರಿಗೆಗೂ ನಂಬರು ಬರೆದವರು, ಈ ಚೀಲವನ್ನು ಮಾತ್ರ ಮುಟ್ಟಿರಲಿಲ್ಲ. ತಮಗೊಂದು ನ್ಯಾಯ, ಮಂದಿಗೊಂದು ನ್ಯಾಯ! ಕಿಟಕಿಯ ಕೆಳಗೆ ಹಳದಿ ಬಣ್ಣದ ಡಬ್ಬಿ ಇನ್ನೂ ಅರ್ಧ ತುಂಬಿತ್ತು.

ಬಾಗಿಲು ತೆರೆದಿಟ್ಟೇ ಬರೆದೆ, ಕಳ್ಳಕೆಲಸವೇನಲ್ಲವಲ್ಲ. ಚೀಲದ ಪಕ್ಕೆಯ ಮೇಲೆ ಅಂಗೈಯಗಲದ ನಂಬರು, ಒಂದೊಂದು ಕೋಲಿನ ಹಿಡಿಯ ಮೇಲೂ ಒಂದೊಂದು. ಆಮೇಲೆ ರಿಜಿಸ್ಟರಿನಲ್ಲಿ ನನ್ನ ಅತಿ ಚಂದದ ಅಕ್ಷರದಲ್ಲಿ ದಾಖಲು ಮಾಡಿದೆ. ಕೊನೆಗೆ ದುರುಗಮ್ಮನಿಗೆ ಫೋನು ಹಚ್ಚಿ, "ಬನ್ನಿ ಹಬ್ಬದ ಮರುದಿನ ಮುಂಜಾನಿ ಗೇಟಿಗೆ ಬಾ ಯವ್ವಾ," ಎಂದೆ.

ಆ ಮುಂಜಾನೆ ವಿರೂಪಣ್ಣನವರು ಹೈದರಾಬಾದಿನ ಪಂದ್ಯಕ್ಕೆ ಹೊರಡುವುದು ನನಗೆ ಮೊದಲೇ ಗೊತ್ತಿತ್ತು. ಡ್ರೈವರ್ ಬಂದು ಚೀಲ ಎತ್ತಿಕೊಂಡು ಹೋದ. ನಾನು ಪಾಸಿನ ಪುಸ್ತಕ, ದುರುಗಮ್ಮನ ಕುರ್ಪಿ ಎರಡನ್ನೂ ಹಿಡಿದು ಹಿಂದೆಯೇ ನಡೆದೆ. ಗೇಟಿನ ಹೊರಗೆ ದುರುಗಮ್ಮ ನಿಂತಿದ್ದಳು. ಅವಳನ್ನು ಬಿಟ್ಟು ಒಳಗೆ ಬರಲು ಉಳಿದವರೂ ಒಪ್ಪದೆ ಅವಳ ಪಕ್ಕದಲ್ಲೇ ನಿಂತಿದ್ದರು.

ಕಾರು ಬಂತು. ವಹೀದ್ ಚಾಚಾ ಬಗ್ಗಿ ಹಿಂದಿನ ಸೀಟು ನೋಡಿದರು. ಆ ಹಳದಿ ನಂಬರನ್ನು ಓದಿದರು, ನನ್ನ ಮುಖವನ್ನೂ ಓದಿದರು. ನಾನು ಅವರಿಗೆ ಮೊದಲೇ ಏನೂ ಹೇಳಿರಲಿಲ್ಲ. ಅವರು ಅಡ್ಡಕಂಬಿಯ ಮೇಲೆ ಕೈಯಿಟ್ಟು ಅಲ್ಲಾಡದೆ ನಿಂತರು.

"ನಂಬರ್ ಅದರೀ ಸಾಹೇಬ್ರ. ಪಾಸ್ ಬೇಕಾಗ್ತದ."

ವಿರೂಪಣ್ಣನವರು ಫೋನು ಬಿಟ್ಟು ಹಿಂದೆ ತಿರುಗಿದರು. ಮುಖ ಕೆಂಪಗಾಯಿತು. "ಯಾವನಲೇ ಇದಕ್ಕ ಬಣ್ಣ ಹಚ್ಚಿದಾಂವ? ಇದು ನನ್ನ ಸ್ವಂತದ್ದು!"

"ನಾ ಹಚ್ಚೀನಿ," ಎಂದೆ. "ರೂಮಿನೊಳಗ ಇದ್ದದ್ದೆಲ್ಲಾ ಕ್ಲಬ್ಬಿಂದು ಅಂದ್ರಿ. ರೂಲ್ ಎಲ್ಲಾರಿಗೂ ಒಂದ ಅಂದ್ರಿ. ಪಾಸಿಗೆ ಇಬ್ಬರ ಸಹಿ ಬೇಕಂತ ಬರದವ್ರೂ ನೀವೇ. ಮೊದಲ ದುರುಗಮ್ಮನ ಕುರ್ಪಿ ಪಾಸಿಗೆ ನೀವು ಸಹಿ ಮಾಡ್ರಿ, 'ಆಕಿ ಸ್ವಂತದ್ದು' ಅಂತ ಬರದು. ಆಮ್ಯಾಲ ನಿಮ್ಮದಕ್ಕ ನಾ ಮಾಡ್ತೀನಿ."

"ನಿನ್ನ ನೌಕರಿ ಕಳೀತೀನಿ."

"ಕಳೀರಿ. ಅದಕ್ಕೂ ನೀವು ಹೈದರಾಬಾದಿನಿಂದ ಬರೋತನಕ ತಡೀಬೇಕಲ್ರೀ."

ಅವರು ಗಡಿಯಾರ ನೋಡಿದರು, ಚಾಚಾನನ್ನು ನೋಡಿದರು. ಚಾಚಾ ಆಕಾಶ ನೋಡುತ್ತಿದ್ದರು. ಹಲ್ಲು ಕಡಿಯುತ್ತ ಬರೆದು ಸಹಿ ಹಾಕಿದರು. ನಾನು ಕುರ್ಪಿಯನ್ನು ದುರುಗಮ್ಮನ ಕೈಗೆ ಕೊಟ್ಟು, ಅವರ ಪಾಸಿಗೆ ನನ್ನ ಸಹಿ ಮಾಡಿದೆ.

"ಕೆಲಸಕ್ಕ ಬಾ. ಸಾರಿ," ಎಂದರು ಕಿಟಕಿಯಿಂದ, ದುರುಗಮ್ಮನ ಕಡೆ ನೋಡದೆ.

ದುರುಗಮ್ಮ ಕಾರಿನ ಹತ್ತಿರ ಬಂದಳು. "ಕಳ್ಳಿ ಅನ್ನೋವಾಗ ನಿಮಗ ಚೊಲೊ ಕನ್ನಡ ಬರ್ತಿತ್ತಲ್ರೀ ಸಾಹೇಬ್ರ. ತಪ್ಪಾತು ಅನ್ನಾಕ ಯಾಕ ಬರವಲ್ದು?"

ಅವರು ಏನೋ ಗೊಣಗಿದರು.

"ಕೇಳಲಿಲ್ಲರೀ. ಕಳ್ಳಿ ಅಂದದ್ದು ರಸ್ತಾದಾಗ ನಿಂತ ಆಟೋದಾಂವಗೂ ಕೇಳಿತ್ತು. ಇದೂ ಅಂವಗ ಕೇಳ್ಬೇಕು."

ರಸ್ತೆಯಲ್ಲಿ ಆಟೋದವನು ಇಂಜಿನ್ನು ಬಂದ್ ಮಾಡಿದ. ಅಡ್ಡಕಂಬಿಯ ಮೇಲಿನ ಚಾಚಾನ ಕೈ ಅಲ್ಲೇ ಇತ್ತು. ವಿರೂಪಣ್ಣನವರು ಕಾರಿನಿಂದ ಇಳಿದು, ಎಲ್ಲರಿಗೂ ಕೇಳುವ ಹಾಗೆ, "ತಪ್ಪಾತವ್ವಾ," ಎಂದರು. ಕಂಬಿ ಮೇಲೆದ್ದಿತು, ಕಾರು ಹೋಯಿತು.

ಹೆಣ್ಣುಮಕ್ಕಳು ನಗುತ್ತ ಒಳಗೆ ಬಂದರು. ಒಬ್ಬಳು ನನ್ನ ಕೈಗೆ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರೂಣವ್ವಾ," ಎಂದಳು. ನಾನೂ ಗೆದ್ದೆನೆಂದು ಬೀಗಿದೆ. ದುರುಗಮ್ಮ ಮಾತ್ರ ನಗಲಿಲ್ಲ. ಗೇಟಿನ ಹತ್ತಿರವೇ ನಿಂತು ಹಿಡಿಯ ಮೇಲಿನ ನಂಬರನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಅದು ಹೋಗಲಿಲ್ಲ.

"ಸೀಮೆಎಣ್ಣಿ ಹಚ್ಚಿದ್ರ ಹೋಗ್ತದ ಯವ್ವಾ, ಕೊಡು," ಎಂದೆ.

"ಬಣ್ಣ ಹೋಗ್ತದ ಬಿಡು," ಎಂದಳು. "ಗಂಡನ ಮನಿ ತುಂಬಿದ ಮ್ಯಾಲ ಇದೊಂದ ವರ್ಷ ನೋಡು, ಜಗಲಿ ಮ್ಯಾಲ ನಮ್ಮವ್ವನ ಕುರ್ಪಿ ಇರಲಿಲ್ಲ. ಹೋದ ಹಬ್ಬಕ್ಕ ಯಾರು ಪಾಸ್ ಬರದು ಕೊಡ್ತಾರ?"