ನಲವತ್ತೆರಡನೆಯ ಟೋಪಿ

ಆವತ್ತು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕೆಂಚಾರ್ಲಹಳ್ಳಿಯಲ್ಲಿ ಬಸ್ಸಿಳಿದ ಆವುಲಪ್ಪನಿಗೆ ಪಕ್ಕದಲ್ಲೇ ಬರುತ್ತಿದ್ದ ಹೆಂಡತಿ ಗಂಗುಲಮ್ಮನ ಬಳೆ ಸದ್ದು ಕೇಳಿಸುತ್ತಿತ್ತೇ ಹೊರತು ಆಕೆ ಕಾಣಿಸುತ್ತಿರಲಿಲ್ಲ. ಎಂಬತ್ತೇಳನೇ ಇಸವಿಯ ಮಾಘ ಮಾಸ. ಹಿಪ್ಪುನೇರಳೆ ಎಲೆಗಳ ತುದಿಯಿಂದ ನೀರು ತೊಟಕ್ ತೊಟಕ್ ಎಂದು ಬೀಳುತ್ತಿತ್ತು. ಗಂಗುಲಮ್ಮನ ತಂಗಿಯ ಮೊಮ್ಮಗನಿಗೆ ಮುಡಿ ತೆಗೆಸುವುದಿತ್ತು. ಆ ಕಡೆಯ ಒಕ್ಕಲುಗಳೆಲ್ಲ ವರ್ಷಕ್ಕೊಮ್ಮೆ, ಮಾಘದ ಎರಡನೇ ಸೋಮವಾರ, ಊರಾಚೆಯ ಮುನೇಶ್ವರನಿಗೆ ಮಕ್ಕಳ ಮೊದಲ ಕೂದಲು ಒಪ್ಪಿಸುತ್ತಾರೆ. ಗುಡಿ ಎಂದರೆ ಗೋಡೆಯಿಲ್ಲ, ಸೂರಿಲ್ಲ. ಹೊಂಗೆ ಮರದಡಿ ಒಂದು ಕಟ್ಟೆ, ಕಟ್ಟೆಯ ಮೇಲೆ ಆಳೆತ್ತರದ ಒಂದು ಕಲ್ಲು.

ಮರ ಹತ್ತಿರವಾಗುತ್ತಿದ್ದಂತೆ ಆವುಲಪ್ಪ ಗಕ್ಕನೆ ನಿಂತ. ಬಲಗೈ ತಾನಾಗಿಯೇ ಹಣೆಗೆ ಏರಿತು.

"ಯಾರಿಗ್ರೀ ಸಲಾಮು?" ಎಂದಳು ಗಂಗುಲಮ್ಮ.

"ಸುಮ್ನಿರೇ. ಕಾವಲಿಗೆ ಸಿಪಾಯಿ ನಿಂತವ್ನೆ."

ಮಂಜು ಒಂದಿಷ್ಟು ಸರಿಯಿತು. ನಿಂತಿದ್ದವನು ಸಿಪಾಯಿಯಲ್ಲ, ಮುನೇಶ್ವರನೇ. ಮೈಗೆ ಅರಿಸಿನ, ಸೊಂಟಕ್ಕೆ ಪಂಚೆ, ಹಣೆಗೆ ಮೂರು ಪಟ್ಟೆ ವಿಭೂತಿ. ತಲೆಯ ಮೇಲೆ ಮಾತ್ರ, ರಾಗಿ ಅಳೆಯುವ ಬಳ್ಳದ ಹಾಗೆ ನೆಟ್ಟಗೆ ನಿಂತ ಒಂದು ಕಡುಹಸಿರು ಟೋಪಿ. ಸುತ್ತ ಕೆಂಪು ಪಟ್ಟಿ, ಎಡಗಡೆಗೆ ಹಳದಿ ರೇಷ್ಮೆಯ ಹುರಿ, ಮುಂದೆ ಹಿತ್ತಾಳೆಯ ತುತ್ತೂರಿ ಬಿಲ್ಲೆ. ಇಪ್ಪತ್ತೊಂದು ವರ್ಷದಿಂದ ಆವುಲಪ್ಪ ಕನಸಿನಲ್ಲಿ ಹುಡುಕುತ್ತಿದ್ದ ಟೋಪಿ ಅದು.

ಆವುಲಪ್ಪ ಸೈನ್ಯದ ಒಂದು ಪಲ್ಟನ್ನಿನಲ್ಲಿ ಬಟ್ಟೆಬರೆಯ ಉಗ್ರಾಣದ ಹವಾಲ್ದಾರನಾಗಿದ್ದವನು. ಹೊಸ ಸಾಹೇಬರು ಬಂದಾಗಲೆಲ್ಲ ಪೆರೇಡಿಗೆಂದು ಒಂದೊಂದು ಹೊಸ ಟೋಪಿ ಬರುವುದು, ಸಿಪಾಯಿಗಳು ಅದನ್ನು ಬೈದುಕೊಂಡು ಹಾಕುವುದು, ಆ ಸಾಹೇಬರು ವರ್ಗವಾದ ಕೂಡಲೇ ಟೋಪಿಗೂ ಗತಿ ಕಾಣಿಸುವುದು, ಇದನ್ನೆಲ್ಲ ಅವನು ಇಪ್ಪತ್ತೆರಡು ವರ್ಷ ನೋಡಿದ್ದ. ಕೊಡುವ ಕೈಯೂ ಅವನದೇ, ಕಿತ್ತುಕೊಂಡು ಸುಡುವ ಕೈಯೂ ಅವನದೇ. ಯಾರೋ ದರ್ಜಿ ಕಣ್ಣು ಕಿರಿದು ಮಾಡಿಕೊಂಡು ಹಾಕಿದ ಹೊಲಿಗೆ ಬೆಂಕಿಯಲ್ಲಿ ಸುರುಟಿಕೊಳ್ಳುವಾಗ ಅವನು ಮುಖ ಆಚೆ ತಿರುಗಿಸುತ್ತಿದ್ದ.

ನಿವೃತ್ತನಾಗಿ ತನ್ನ ಊರಾದ ಮೇಲೂರಿಗೆ ಬಂದು ರೇಷ್ಮೆಹುಳ ಸಾಕತೊಡಗಿದ ಮೇಲೆ, ಯಾರಿಗೂ ಬೇಡವಾಗಿ ಬೇರೆ ಪಲ್ಟನ್ನುಗಳಲ್ಲಿ ಸುಡದೆ ಉಳಿದ ಅಂಥ ಟೋಪಿಗಳನ್ನು ಕೂಡಿಡುವ ಹುಚ್ಚು ಹತ್ತಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಎಲ್ಲೆಲ್ಲಿ ಮಾಜಿ ಸೈನಿಕರಿದ್ದರೋ ಅಲ್ಲೆಲ್ಲ ಸೈಕಲ್ ಹೋಯಿತು. ಒಂಬತ್ತು ತಿಂಗಳು ಮಾತ್ರ ನಡೆದ ಒಂದು ಟೋಪಿ ಗೌರಿಬಿದನೂರಿನ ದರ್ಜಿಯೊಬ್ಬನ ಅಂಗಡಿಯಲ್ಲಿ ಗುಂಡಿ ತುಂಬಿಕೊಂಡು ಕೂತಿತ್ತು. ನಾಯಿಕಿವಿಯ ಹಾಗೆ ಎರಡೂ ಕಡೆ ಜೋತುಬಿದ್ದ ಮತ್ತೊಂದರಲ್ಲಿ ಚಿಂತಾಮಣಿಯ ಸುಬೇದಾರರ ಮನೆಯ ಕೋಳಿ ಮೊಟ್ಟೆಯಿಡುತ್ತಿತ್ತು. ಮರಿಯಾಗುವವರೆಗೆ ಆವುಲಪ್ಪ ಮೂರು ವಾರ ಕಾದ. ಹೀಗೆ ಹನ್ನೊಂದು ಟೋಪಿ ಸೇರಿದ್ದವು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಯಿದೆಯಲ್ಲ, ಚಂದ್ರಿಕೆ, ಅಂಥದೊಂದು ಹಳೆಯದನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಅದರ ಸುರುಳಿಗಳಿಗೆ ಟೋಪಿಗಳನ್ನು ಸಿಕ್ಕಿಸಿದ್ದ. ನುಸಿಗುಳಿಗೆ ಇಡುವಂತಿರಲಿಲ್ಲ, ವಾಸನೆಗೆ ರೇಷ್ಮೆಹುಳ ಸಾಯುತ್ತವೆ. ಅದಕ್ಕೇ ಪ್ರತಿ ಭಾನುವಾರ ಒಂದೊಂದನ್ನೂ ಬಿಸಿಲಿಗಿಟ್ಟು ಬ್ರಷ್ಷು ಹಾಕುತ್ತಿದ್ದ. "ಹುಳಕ್ಕೆ ಸೊಪ್ಪು ಹಾಕೋಕೆ ಬೆನ್ನು ನೋವು, ಟೋಪಿ ಉಜ್ಜೋಕೆ ಇಲ್ಲ," ಎಂದು ಗಂಗುಲಮ್ಮ ಅನ್ನುತ್ತಿದ್ದಳು. ಅಂದವಳೇ, ಮಳೆಮೋಡ ಕಂಡರೆ ಓಡಿಹೋಗಿ ಟೋಪಿಗಳನ್ನು ಮೊದಲು ಒಳಗಿಡುತ್ತಿದ್ದಳು.

ಹನ್ನೆರಡನೆಯದು ಮಾತ್ರ ಸಿಗುವಂತಿರಲಿಲ್ಲ. ಅದು ಬ್ಯಾಂಡಿನವರದು. ಸಿಪಾಯಿಗಳು ಅದನ್ನು ಡಾಲ್ಡಾ ಡಬ್ಬ ಎನ್ನುತ್ತಿದ್ದರು. ಒಂದೂವರೆ ವರ್ಷಕ್ಕೆ ಹಿಂದಕ್ಕೆ ಪಡೆದು ಸುಡಬೇಕೆಂದು ಹುಕುಂ ಬಂತು. ಕೊಟ್ಟಿದ್ದು ನಲವತ್ತೆರಡು, ವಾಪಸ್ ಬಂದದ್ದು ನಲವತ್ತೊಂದು.

"ಯಾರಪ್ಪಾ ಇಲ್ಲಿ ಪೂಜಾರಿ?" ಎಂದು ಆವುಲಪ್ಪ ಕೂಗಿದ.

ಕಲ್ಲಿನ ಹಿಂದಿನಿಂದ ತಂಬಿಗೆ ಹಿಡಿದು ಎದ್ದುಬಂದ ನಲವತ್ತೈದರ ಗಂಡಸು, ಆವುಲಪ್ಪನನ್ನು ನೋಡಿದ್ದೇ ತಂಬಿಗೆಯನ್ನು ಕೆಳಗೆ ಬಿಟ್ಟ.

"ಹವಾಲ್ದಾರಣ್ಣಾ!"

"ಕೋನಪ್ಪ? ಕ್ಲಾರಿನೆಟ್ ಕೋನಪ್ಪ?"

ಇಬ್ಬರೂ ತಬ್ಬಿಕೊಂಡರು. ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಕಲ್ಲಿನ ತಲೆಯ ಕಡೆ ಹೋದವು. ಕೋನಪ್ಪ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದು ದೇವರ ಮರೆಗೆ ನಿಂತ.

"ಕದ್ದಿದ್ದಲ್ಲಣ್ಣ. ಹರಕೆ."

"ಎಂಥಾ ಹರಕೆನೋ?"

"ಜನರಲ್ ಸಾಹೇಬ್ರ ಪೆರೇಡು ನೆನಪೈತಾ? ಗಾಳಿ ಬೀಸ್ತು. ನನ್ನ ಡಬ್ಬ ತಲೆಯಿಂದ ಹಾರಿ, ಉರುಳ್ಕೊಂಡು ಉರುಳ್ಕೊಂಡು ಹೋಗಿ ಅವರ ಬೂಟಿನ ಹತ್ರ ನಿಂತ್ಕಂತು. ಇಡೀ ಪಲ್ಟನ್ ನಗ್ತು. ಆವತ್ತು ರಾತ್ರಿ ಕೈ ಮುಗಿದೆ. ಮುನೇಶ್ವರಾ, ಈ ಟೋಪಿ ನನ್ನ ತಲೆಯಿಂದ ಇಳಿಸಪ್ಪ, ನಿನಗೇ ಒಪ್ಪಿಸ್ತೀನಿ ಅಂದೆ. ಎರಡೇ ತಿಂಗಳು, ಹುಕುಂ ಬಂತು ನೋಡು!"

"ಅಂದ್ರೆ ಆ ಹುಕುಂ ಮಾಡ್ಸಿದ್ದು ಇವನಾ?"

"ಮತ್ತಿನ್ಯಾರು?"

ಗಂಗುಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮನುಷ್ಯರಿಗೆ ಟೋಪಿ ಹಾಕೋರನ್ನ ನೋಡಿದ್ದೆ. ನೀನು ದೇವರಿಗೇ ಹಾಕಿದ್ದೀಯಲ್ಲಪ್ಪ!"

ಮುಡಿಗೆ ಬಂದಿದ್ದ ಹೆಂಗಸರೆಲ್ಲ ನಕ್ಕರು. ನಗು ಇಳಿದ ಮೇಲೆ ಕೋನಪ್ಪ ದನಿ ತಗ್ಗಿಸಿ ಕೇಳಿದ. "ಒಂದು ಕಮ್ಮಿ ಬಂದಿದ್ದು ಯಾರಿಗೂ ಗೊತ್ತಾಗ್ಲಿಲ್ವಾ ಅಣ್ಣ? ಎಷ್ಟು ದಿನ ನಿದ್ದೆ ಮಾಡಿರ್ಲಿಲ್ಲ ನಾನು."

"ಗೊತ್ತಾಯ್ತು. ನನಗೆ."

"ಮತ್ತೆ?"

"ಯುಗಾದಿ ಹತ್ರ ಇತ್ತು. ಹೇಳಿದ್ರೆ ಬ್ಯಾಂಡಿನೋರ ರಜಾ ಎಲ್ಲ ರದ್ದಾಗೋದು. ನಲವತ್ತೆರಡೂ ಸುಟ್ಟಿದ್ದೀನಿ ಸಾಬ್ ಅಂದೆ. ನನ್ನ ಸರ್ವೀಸಲ್ಲಿ ಹೇಳಿದ ಒಂದೇ ಸುಳ್ಳು."

ಕೋನಪ್ಪ ಬಿದ್ದ ತಂಬಿಗೆಯನ್ನು ಎತ್ತಿಕೊಂಡು, ಪಂಚೆಯ ತುದಿಯಿಂದ ಸುಮ್ಮನೆ ಒರೆಸುತ್ತ ನಿಂತ.

"ನನಗದು ಬೇಕು ಕಣೋ," ಎಂದ ಆವುಲಪ್ಪ. ಕೇಳಿದ ಮೇಲೆ ತನಗೇ ನಾಚಿಕೆಯಾಯಿತು. ಮಗು ಬೆಲ್ಲ ಕೇಳಿದ ಹಾಗಿತ್ತು ದನಿ. "ಭೂಮಿ ಮೇಲೆ ಉಳಿದಿರೋದು ಇದೊಂದೇ."

"ಕೊಡೋಕೆ ನಾನ್ಯಾರಣ್ಣ? ಅವನದು. ಅವನನ್ನೇ ಕೇಳಾಣ."

ಕೋನಪ್ಪ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಕಲ್ಲಿನ ಎರಡು ಭುಜಕ್ಕೆ ಅಂಟಿಸಿದ. ಬಲಗಡೆಯದು ನೆಲಕ್ಕೆ ಬಿದ್ದರೆ ಕೊಟ್ಟ ಹಾಗೆ, ಎಡಗಡೆಯದು ಬಿದ್ದರೆ ಇಲ್ಲ. ಅವನು ದೇವರ ಜೊತೆ ಮಾತಾಡುವುದು ತೆಲುಗಿನಲ್ಲಿ. "ಏಮಂಟಾವು ಸಾಮೀ? ಇಸ್ತಾವಾ?" ಏನಂತೀಯಾ, ಕೊಡ್ತೀಯಾ ಎಂದು ಕೇಳಿ ಕೈಕಟ್ಟಿ ನಿಂತ. ಕ್ಷೌರದವನ ಕತ್ತಿಯೂ ನಿಂತಿತು. ಅಳುತ್ತಿದ್ದ ಮಗು ಕೂಡ ಸುಮ್ಮನಾಯಿತು.

ಜಾರಿತು. ಬಲಗಡೆಯದೇ ಜಾರಿತು. ಎದೆ ದಾಟಿ, ಹೊಟ್ಟೆ ದಾಟಿ ಬಂದು, ಸೊಂಟದ ಪಂಚೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ಕೂತುಬಿಟ್ಟಿತು.

ಎಲ್ಲರೂ ಕಾದರು. ಮಂಜು ಪೂರ್ತಿ ಹರಿದು ಬಿಸಿಲು ಬಂತು. ಹೂವು ಅಲ್ಲಾಡಲಿಲ್ಲ.

"ಕೊಟ್ಟ," ಎಂದ ಆವುಲಪ್ಪ.

"ನೆಲಕ್ಕೆ ಬಿದ್ದಿಲ್ವಲ್ಲ," ಎಂದ ಕೋನಪ್ಪ.

ಕೊನೆಗೆ ಗಂಗುಲಮ್ಮ ಮುಂದೆ ಬಂದಳು. "ಅದಕ್ಕೇನು ಅಷ್ಟೊಂದು ತಲೆ ಕೆಡಿಸ್ಕೊಳ್ಳೋದು? ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ಚಂದ್ರಿಕೆ ಸಾಲ್ದೆ ಬಂದ್ರೆ ಪಕ್ಕದ ಮನೆಯಿಂದ ಇಸ್ಕೊಳ್ಳಲ್ವಾ? ಗೂಡು ಬಿಡಿಸ್ಕೊಂಡು, ಅಂಟಿದ ನೂಲೆಲ್ಲ ಕಿತ್ತು, ವಾಪಸ್ ಇಟ್ಟು ಬರಲ್ವಾ? ಹಂಗೇ. ಸ್ವಾಮಿ ಇದನ್ನ ಹಾಕ್ಕೊಳ್ಳೋದು ವರ್ಷಕ್ಕೊಂದು ದಿನ. ಮಿಕ್ಕಿದ ದಿನ ನಮ್ಮನೇಲಿರ್ಲಿ. ಅರ್ಧ ಬಿದ್ದಿರೋ ಹೂವಿಗೆ ಇನ್ನೇನು ಅರ್ಥ?"

ಎಲ್ಲರೂ ತಲೆದೂಗಿದರು. ಪೂಜೆ ಮುಗಿದ ಮೇಲೆ ಕೋನಪ್ಪ ಟೋಪಿ ಇಳಿಸಿ ತಂದವನು ಕೊಡದೆ ನಿಂತ. ಅವನ ಮುಖದಲ್ಲಿ ಹಳೆಯ ತುಂಟತನ ಕಾಣಿಸಿತು.

"ಸೈನ್ ಮಾಡು ಹವಾಲ್ದಾರಣ್ಣ. ಸೈನ್ ಇಲ್ದೆ ಒಂದು ಕಾಲುಚೀಲಾನೂ ಕೊಡ್ತಿರ್ಲಿಲ್ಲ ನೀನು."

ಆವುಲಪ್ಪ ರೇಷ್ಮೆಗೂಡಿನ ಮಾರುಕಟ್ಟೆಯ ಚೀಟಿಯೊಂದರ ಬೆನ್ನಿಗೆ, ಉಗ್ರಾಣದ ಕ್ರಮದಲ್ಲೇ ಬರೆದ: 'ಟೋಪಿ, ಡ್ರೆಸ್, ಬ್ಯಾಂಡ್ - ಒಂದು.' ಕೆಳಗೆ ರುಜು ಹಾಕಿ ಕೊಟ್ಟ.

ಆ ವರ್ಷದಷ್ಟು ಸಂತೋಷದ ವರ್ಷ ಅವನ ಬಾಳಿನಲ್ಲಿ ಇನ್ನೊಂದಿರಲಿಲ್ಲ. ಶಿಡ್ಲಘಟ್ಟದ ಸಂತೆಗೆ ಬಂದ ಮಾಜಿ ಸೈನಿಕರೆಲ್ಲ ಮೇಲೂರಿಗೆ ಬಂದು ಡಾಲ್ಡಾ ಡಬ್ಬ ನೋಡಿ ಹೋದರು. ಗೌರಿಬಿದನೂರಿನ ಮುದುಕ ಡೋಲಿನವನೊಬ್ಬ ಅದನ್ನು ತಲೆಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಗಂಗುಲಮ್ಮನ ಪಾತ್ರೆಗಳ ಮೇಲೆ ಒಂದು ಇಡೀ ಪೆರೇಡು ಬಾರಿಸಿದ.

ಮಾಘ ಹತ್ತಿರ ಬಂದ ಹಾಗೆ ಆವುಲಪ್ಪನಿಗೆ ಅನ್ನ ರುಚಿಸಲಿಲ್ಲ. ಅಲ್ಲಿ ಎಣ್ಣೆ, ಕುಂಕುಮ, ಕರ್ಪೂರದ ಹೊಗೆ. ಈಗಲೇ ಅಂಚಿನ ಬಟ್ಟೆ ಎಣ್ಣೆ ಕುಡಿದು ತೊಗಲಿನಂತಾಗಿದೆ. ಇನ್ನೆಷ್ಟು ವರ್ಷ ತಡೆದೀತು? ಅವನು ಯಾರಿಗೂ ಹೇಳದೆ ಶಿಡ್ಲಘಟ್ಟದ ದರ್ಜಿಯೊಬ್ಬನಿಂದ ಅಂಥದೇ ಇನ್ನೊಂದು ಹೊಲಿಸಿದ. ಕಡುಹಸಿರು ಬಟ್ಟೆ, ಕೆಂಪು ಪಟ್ಟಿ, ಊರ ರೇಷ್ಮೆಯದೇ ಹುರಿ, ಹಿತ್ತಾಳೆ ಬಿಲ್ಲೆ. ಹಳೆಯದಕ್ಕಿಂತ ಲಕ್ಷಣವಾಗಿತ್ತು.

ಭಾನುವಾರದ ಬಿಸಿಲಿನಲ್ಲಿ ಎರಡು ಟೋಪಿ ಪಕ್ಕಪಕ್ಕ ಕೂತಿರುವುದನ್ನು ಗಂಗುಲಮ್ಮ ನೋಡಿದಳು.

"ನಾಳೆ ಸ್ವಾಮಿಗೆ ಯಾವುದು?"

"ಹೊಸದು. ದೇವರಿಗೆ ಹೊಸದೇ ತಾನೇ ಕೊಡಬೇಕು? ಮಾಸಿದ್ದು ಕೊಡ್ತಾರಾ?"

ಅವಳು ಸೊಪ್ಪು ಹೆಚ್ಚುತ್ತ ಕೂತಳು. ಅವನಿಗಲ್ಲ ಎಂಬಂತೆ, "ಹೊಸ ಚಂದ್ರಿಕೆಗೆ ಹುಳ ಬೇಗ ಹತ್ತಲ್ಲಪ್ಪ. ಹತ್ತು ಬೆಳೆ ಕಂಡಿರೋದಕ್ಕೆ ಬಿಟ್ಟ ತಕ್ಷಣ ಹತ್ತುತ್ತವೆ. ಅವಕ್ಕೆ ಏನು ಗೊತ್ತಾಗುತ್ತೋ," ಎಂದಳು.

ಆವುಲಪ್ಪ ಎರಡನ್ನೂ ಒಂದೇ ಕೈಚೀಲಕ್ಕೆ ಹಾಕಿಕೊಂಡ.

ಮಾರನೆಯ ದಿನ ಹೊಂಗೆ ಮರದಡಿ ಜನ ಸೇರಿತ್ತು. ನಾಲ್ಕು ಮಕ್ಕಳ ಮುಡಿ. ಕೋನಪ್ಪ ದೇವರಿಗೆ ಪಂಚೆ ಸುತ್ತುವುದರಲ್ಲಿದ್ದ. "ಬಾ ಅಣ್ಣ, ಬಾ. ಅತ್ತಿಗಮ್ಮ ಚೆನ್ನಾಗವ್ರಾ?" ಎಂದವನೇ, ಒಂದು ಕೈಯಲ್ಲಿ ಗಂಟು ಹಿಡಿದುಕೊಂಡು, ತಿರುಗಿಯೂ ನೋಡದೆ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದ. ಚೀಟಿ ತೆಗೆಯಲಿಲ್ಲ. ಗುರುತು ನೋಡಲೂ ಇಲ್ಲ. ಆ ಅಂಗೈಗೆ ಅರಿಸಿನ ಮೆತ್ತಿತ್ತು.

ಆವುಲಪ್ಪ ಚೀಲದೊಳಗೆ ಕೈ ಹಾಕಿದ. ಮೊದಲು ಸಿಕ್ಕಿದ್ದು ಹೊಸ ಬಟ್ಟೆಯ ನುಣುಪು. ಬೆರಳುಗಳು ಅದರ ಮೇಲೆ ಒಂದು ಗಳಿಗೆ ನಿಂತವು, ಆಮೇಲೆ ಇನ್ನೂ ಆಳಕ್ಕೆ ಇಳಿದವು. ತೊಗಲಿನಂತಾದ ಅಂಚು ತಗುಲಿತು. ಅದನ್ನು ಹೊರಗೆ ತೆಗೆದು, ಅಂಟಿದ್ದ ಒಂದು ರೇಷ್ಮೆ ಎಳೆಯನ್ನು ಕಿತ್ತು, ಎರಡೂ ಕೈಯಿಂದ ಆ ಅಂಗೈಯ ಮೇಲಿಟ್ಟ.