ಹೋದ ಸಲದ್ದೇ ಹಾಕು

ನಾನು ಒಂದು ದಾಖಲೆ. ಮೀನುಗಾರರ ಸಹಕಾರ ಸಂಘದ ಕಂಪ್ಯೂಟರಿನೊಳಗೆ ನನ್ನ ವಾಸ. ಕುಂದಾಪುರದ ಕಡೆಯ ನಮ್ಮ ಬಂದರಿನಿಂದ ಬೋಟು ಹೊರಡುವ ಮೊದಲು ಸಂಘದ ಕೌಂಟರಿನಲ್ಲಿ ಒಂದು ಫಾರ್ಮ್ ತುಂಬಿಸುತ್ತಾರೆ. ಬೋಟಿನ ಹೆಸರು, ಅದನ್ನು ನಡೆಸುವ ತಾಂಡೇಲನ ಹೆಸರು, ಹತ್ತಿದವರ ಹೆಸರು, ಹೋಗುವ ದಿಕ್ಕು. ಕಡಲಿನಲ್ಲಿ ಬೋಟಿಗೆ ಏನಾದರೂ ಆದರೆ ಹುಡುಕುವವರು ಮೊದಲು ತೆರೆದು ನೋಡುವುದು ನನ್ನಂಥ ದಾಖಲೆಯನ್ನು.

ಹುಟ್ಟಿದ ಬಗೆ ಹೇಳಿಕೊಳ್ಳಲು ನನಗೆ ಸ್ವಲ್ಪ ಸಂಕೋಚ. ನಮ್ಮ ವಂಶದಲ್ಲಿ ಅಕ್ಷರ ಅಕ್ಷರವಾಗಿ ಟೈಪ್ ಮಾಡಿಸಿಕೊಂಡು ಹುಟ್ಟಿದ್ದು ಮೊಟ್ಟಮೊದಲ ದಾಖಲೆ ಒಂದೇ. ಉಳಿದ ನಾವೆಲ್ಲ ‘ನಕಲು’ ಎಂಬ ಗುಂಡಿಯ ಮಕ್ಕಳು. ಅದನ್ನು ಒತ್ತಿದರೆ ಹಿಂದಿನ ಸಲದ ದಾಖಲೆ ಇದ್ದ ಹಾಗೇ ಮತ್ತೊಮ್ಮೆ ಎದ್ದು ನಿಲ್ಲುತ್ತದೆ, ತಾರೀಖು ಮಾತ್ರ ಹೊಸದು. ಬದಲಾದದ್ದನ್ನು ತಿದ್ದಿ ಆಮೇಲೆ ಉಳಿಸಿ ಎಂದು ಗುಂಡಿ ಮಾಡಿಕೊಟ್ಟವರು ಹೇಳಿದ್ದರಂತೆ. ತಿದ್ದುವ ಪುರುಸೊತ್ತು ಯಾರಿಗಿದೆ? ಆ ಮೊದಲ ದಾಖಲೆಯ ಷರಾದಲ್ಲಿ ‘ಹೊಸ ಹಗ್ಗ ತರಬೇಕು’ ಎಂದಿತ್ತು. ಹಗ್ಗ ತಂದದ್ದಾಯಿತು, ಅದು ಸವೆದು ಹರಿದದ್ದೂ ಆಯಿತು, ನನ್ನ ಮೈಮೇಲೆ ಮಾತ್ರ ಇನ್ನೂ ‘ಹೊಸ ಹಗ್ಗ ತರಬೇಕು’ ಎಂದೇ ಇದೆ.

ನನ್ನನ್ನು ಹುಟ್ಟಿಸಿದವಳು ಕೌಂಟರಿನ ಜಲಜ. ಅವಳನ್ನು ಮೈಗಳ್ಳಿ ಎನ್ನಬೇಡಿ. ಊಟದ ಡಬ್ಬಿ ಬಿಚ್ಚಲೂ ಬಿಡುವಿಲ್ಲದಂತೆ ದುಡಿಯುವುದನ್ನು ನಾನು ಗಾಜಿನ ಒಳಗಿನಿಂದ ಕಂಡಿದ್ದೇನೆ. ಅವಳ ಕಷ್ಟವೇ ಬೇರೆ. ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎಂಬುದು ನಮ್ಮವರ ಕಟ್ಟುಪಾಡು. ಕೇಳಿದರೆ ಅಪಶಕುನ. ಹೊರಟವರು ವಾಪಸು ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ನೆಲದ ಮೇಲೆ ನಡೆಯುವವರಿಗೇ ಹೀಗಾದರೆ ಕಡಲಿಗೆ ಇಳಿಯುವವರ ಮಾತು ಕೇಳಬೇಕೆ? ಹೆಂಡತಿಯೂ ಕೇಳುವುದಿಲ್ಲ, ಗಂಡನೂ ಹೇಳುವುದಿಲ್ಲ. ಅಂಥವರ ಎದುರು ‘ಹೋಗುವ ದಿಕ್ಕು’ ಎಂಬ ಖಾನೆ ತುಂಬಲು ಸಂಘದವರು ಜಲಜಳನ್ನು ಕೂರಿಸಿದ್ದರು.

ಆ ದಿನ ಬಂದವನು ‘ಮಾಸ್ತಿಯಮ್ಮ’ ಬೋಟಿನ ತಾಂಡೇಲ ಹೆರಿಯ ಮೊಗವೀರ. ಭರತದ ನೀರು ಇಳಿಯುವ ಮೊದಲು ಹೊಳೆಬಾಯಿಯ ಅಳಿವೆ ದಾಟುವ ಅವಸರ ಅವನಿಗೆ. ಕೌಂಟರಿಗೆ ಮೊಣಕೈ ಊರಿ ನಿಂತ.

“ಹೋದ್ ಸರ್ತಿದ್ದೇ ಹಾಕ್, ಜಲಜ.”

ಜಲಜಳ ಬೆರಳು ದಿಕ್ಕಿನ ಖಾನೆಯ ಹತ್ತಿರ ಬಂದು ನಿಂತಿತು. ಒಮ್ಮೆ ತಲೆಯೆತ್ತಿ ಅವನನ್ನು ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ‘ನಕಲು’ ಒತ್ತಿ, ‘ಉಳಿಸಿ’ ಒತ್ತಿದಳು. ನಾನು ಹುಟ್ಟಿದೆ. ದಿಕ್ಕು, ತೆಂಕು. ಹತ್ತಿದವರ ಸಾಲಿನ ಕೊನೆಯಲ್ಲಿ ಶೀನ ಮೊಗವೀರ ಎಂಬ ಹೆಸರು. ಎಲ್ಲವೂ ನಿಜವೆಂದೇ ನಾನು ನಂಬಿದ್ದೆ.

ಬೋಟು ಹೋದ ಮೇಲೆ ಗಾಳಿ ಎದ್ದಿತು. ಬಂದರಿಗೆ ವಾಪಸಾಗಿ ಎಂದು ಎಲ್ಲರಿಗೂ ಸುದ್ದಿ ಹೋಯಿತು. ಒಂದೊಂದೇ ಬೋಟು ಬಂದು ಬೋಟು ಕಟ್ಟುವ ದಕ್ಕೆಗೆ ತಾಗಿತು. ಒಂದೊಂದೇ ದಾಖಲೆಯ ‘ಮರಳಿದ ತಾರೀಖು’ ತುಂಬಿತು. ಕೊನೆಗೆ ಖಾಲಿ ಉಳಿದದ್ದು ನನ್ನದೊಂದೇ. ಮಾಸ್ತಿಯಮ್ಮ ಬೋಟಿನ ವೈರ್‌ಲೆಸ್ಸಿಗೆ ಕರೆದರೆ ಬರೀ ಗುರ್ ಎಂಬ ಸದ್ದು. ನನಗೆ ಮೊದಲ ಬಾರಿಗೆ ಭಯವಾಯಿತು.

ಸಂಘದ ಜಗಲಿಯಲ್ಲಿ ಹೆಂಗಸರು ಬಂದು ಕುಳಿತರು. ಯಾರೂ ಅಳುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ರಕ್ಷಣಾ ದೋಣಿಯವರು ಫೋನ್ ಮಾಡಿ ದಿಕ್ಕು ಕೇಳಿದಾಗ ಜಲಜ ನನ್ನನ್ನು ತೆರೆದು, “ತೆಂಕು ಅಂತ ಇದೆ ಸರ್” ಎಂದಳು. ಹೆಸರುಗಳ ಪಟ್ಟಿಯನ್ನೂ ಕಳಿಸಿದಳು. ದೋಣಿ ತೆಂಕಕ್ಕೆ ಹೊರಟಿತು. ನನ್ನ ಒಂದು ಮಾತನ್ನು ನಂಬಿ ಅಷ್ಟು ದೊಡ್ಡ ದೋಣಿ ಹೋಯಿತಲ್ಲ ಎಂದು ಆ ಭಯದ ನಡುವೆಯೂ ನನಗೆ ಒಂದು ಗಳಿಗೆ ಹೆಮ್ಮೆಯಾದದ್ದು ಸುಳ್ಳಲ್ಲ. ಮಧ್ಯಾಹ್ನ ಕಳೆದರೂ ಅಲ್ಲಿಂದ ಬಂದದ್ದು ‘ಏನೂ ಕಾಣಿಸುತ್ತಿಲ್ಲ’ ಎಂಬ ಉತ್ತರ ಮಾತ್ರ.

ಆಗ ಬಾಗಿಲಲ್ಲಿ ಒಬ್ಬ ಕುಂಟುತ್ತ ಬಂದ. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ.

“ಅಕ್ಕ, ನಮ್ ಬೋಟಿನ್ ಸುದ್ದಿ ಎಂತಾರೂ ಬಂತಾ?”

ಜಲಜ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನನ್ನ ಲೆಕ್ಕದಲ್ಲಿ ಕಡಲಿನ ನಡುವೆ ಇರಬೇಕಾದ ಶೀನ ಅವಳೆದುರು ಗೋಡೆ ಹಿಡಿದು ನಿಂತಿದ್ದ.

“ಶೀನ, ನೀನ್ ಬೋಟಲ್ಲಿ ಇಪ್ಪವ ಅಲ್ದಾ?”

“ನಾನ್ ಹ್ವಾಯ್ಲೆ ಅಕ್ಕ. ಕಾಲಿಗೆ ಮೀನಿನ್ ಮುಳ್ಳ್ ಹೊಕ್ಕಿ ಬಾತ್ಕಂಡಿತ್. ನನ್ ಬದ್ಲಿಗೆ ಬಚ್ಚ ಹ್ವಾದ.”

ಬಚ್ಚ. ಆ ಹೆಸರು ನನ್ನ ಮೈಯಲ್ಲಿ ಎಲ್ಲೂ ಇರಲಿಲ್ಲ. ಬೇರೆ ಊರಿನವನು, ದಕ್ಕೆಯಲ್ಲಿ ನಿಂತವನು ಹಾಗೇ ಬೋಟು ಹತ್ತಿದ್ದ. ಅವನ ಮನೆಗೆ ಯಾರೂ ಫೋನ್ ಮಾಡಿರಲಿಲ್ಲ. ಜಗಲಿಯಲ್ಲಿ ಅವನಿಗಾಗಿ ಕಾದು ಕುಳಿತವರು ಒಬ್ಬರೂ ಇರಲಿಲ್ಲ. ನನಗೆ ನನ್ನ ಮೇಲೇ ಹೆದರಿಕೆ ಬಂತು. ಒಂದು ಹೆಸರು ಸುಳ್ಳಾದರೆ ನನ್ನಲ್ಲಿ ಇನ್ನೇನು ನಿಜ?

ಜಲಜಳಿಗೂ ಅದೇ ಹೊಳೆದಿರಬೇಕು.

“ತೆಂಕಕ್ಕೇ ಹ್ವಾದ್ದ್ ಅಲ್ದಾ ಅವ್ರ್?”

“ತೆಂಕ್ ಬದೆಗೆ ಈಗ ಮೀನೇ ಇಲ್ಲೆ. ಬಲೆ ಹೊಲಿವತಿಗೆ ಹೆರಿಯಣ್ಣ, ಈ ಸಲ ಬಡಗಿಗೆ ಹ್ವಾಪ ಅಂದಿದ್ರ್.”

ಬಡಗು. ಇಡೀ ಹಗಲು ನಾನು ಹುಡುಕುವವರನ್ನು ಆ ಜನರಿಂದ ದೂರ ದೂರ ಅಟ್ಟುತ್ತಿದ್ದೆ. ಕಿರುಚಲು ನನಗೆ ಬಾಯಿಲ್ಲ. ಸಂಘದ ಸೆಕ್ರೆಟರಿಯವರು ಬರಲಿ ಎಂದೂ ಕಾಯದೆ ಜಲಜ ಫೋನ್ ಎತ್ತಿಕೊಂಡಳು.

“ಸರ್, ನಾನು ಕೇಳ್ಲಿಲ್ಲ. ಹಳೇದನ್ನೇ ನಕಲು ಮಾಡಿದ್ದೆ. ದಿಕ್ಕು ತಪ್ಪು ಸರ್. ಅವ್ರು ಹೋದದ್ದು ಬಡಗಿಗೆ.”

ಆಮೇಲೆ ಅವಳು ಬಚ್ಚನ ಮನೆಯ ನಂಬರು ಹುಡುಕಿ ಮಾತಾಡಿದಳು. ಆ ಕಡೆಯವರು ಏನೆಂದರೋ ಕೇಳಿಸಲಿಲ್ಲ, ಜಲಜ ಮಾತ್ರ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ ಶೀನನ ಹೆಸರು ಅಳಿಸಿ ‘ಬಚ್ಚ’ ಎಂದು ಟೈಪ್ ಮಾಡಿದಳು. ತೆಂಕು ತೆಗೆದು ಬಡಗು ಎಂದು ಬರೆದಳು. ಹುಟ್ಟಿದ ಮೇಲೆ ನನಗೆ ಮನುಷ್ಯರ ಕೈ ತಾಗಿದ್ದು ಅದೇ ಮೊದಲು. ಆ ಕೈ ತಣ್ಣಗಿತ್ತು. ಸಂಜೆಯ ತನಕ ಅವಳು ನನ್ನನ್ನು ಮುಚ್ಚಲಿಲ್ಲ, ನಾವಿಬ್ಬರೂ ಮರಳಿದ ತಾರೀಖಿನ ಆ ಖಾಲಿ ಖಾನೆಯನ್ನು ನೋಡುತ್ತ ಕುಳಿತೆವು.

ಕತ್ತಲಾಗುವ ಮುಂಚೆ ಫೋನ್ ಬಂತು. ಇಂಜಿನ್ ಕೆಟ್ಟು ಬಡಗಿನಲ್ಲಿ ತೇಲುತ್ತಿದ್ದ ಮಾಸ್ತಿಯಮ್ಮ ಸಿಕ್ಕಿತ್ತು. ಜಗಲಿಯ ಹೆಂಗಸರು ಆಗ ಅತ್ತರು. ನಾನೂ ಅಳುತ್ತಿದ್ದೆನೇನೋ, ಅದಕ್ಕೊಂದು ಖಾನೆ ಇದ್ದಿದ್ದರೆ.

ಮರುದಿನ ಹೆರಿಯ ತನ್ನವರನ್ನೆಲ್ಲ ಕರೆದುಕೊಂಡು ಸಂಘಕ್ಕೆ ಬಂದ. ತಿದ್ದಿದ ಪಟ್ಟಿ ಕಳಿಸುವುದು ಗಡಿಬಿಡಿಯಲ್ಲಿ ಮರೆತುಹೋಗಿ, ರಕ್ಷಣಾ ದೋಣಿಯವರ ಕೈಯಲ್ಲಿ ಇದ್ದದ್ದು ನನ್ನ ಹಳೆಯ ಪಟ್ಟಿ. ಅದನ್ನು ನೋಡಿ ಒಬ್ಬೊಬ್ಬರನ್ನೇ ಕರೆದರಂತೆ. ಶೀನ ಎಂದಾಗ ಯಾರೂ ಓಗೊಡದೆ, ಹೆರಿಯ ವಿಷಯ ತಿಳಿಸುವಷ್ಟರಲ್ಲೇ ಒಬ್ಬ ನೀರುಪಾಲಾದ ಎಂದು ಮತ್ತೆ ದೀಪ ಹಾಕಿ ಅಲೆಯ ಮೇಲೆ ಹುಡುಕಲು ಹೊರಟರಂತೆ. ಹೆರಿಯ ಇದನ್ನು ನಗೆಯ ಕಥೆಯೆಂಬಂತೆ ಹೇಳುತ್ತಿದ್ದ. ಮೂಲೆಯಲ್ಲಿ ನಿಂತಿದ್ದ ಬಚ್ಚ ಮಾತ್ರ ನಗಲಿಲ್ಲ.

“ನನ್ ಹೆಸ್ರ್ ಓದ್ಲೇ ಇಲ್ಲೆ” ಎಂದ. “ನಾನೇ ಬಿದ್ದಿದ್ರೆ ಯಾರನ್ನ್ ಹುಡುಕ್ತಿದ್ರಿ?” ಎಂದು ಕೇಳಿದ.

ಶೀನನನ್ನು ಹುಡುಕುತ್ತಿದ್ದರು. ಶೀನ ಮನೆಯಲ್ಲೇ ಇದ್ದಾನೆ ಎಂದು ತಿಳಿದ ಕೂಡಲೇ ಹುಡುಕುವುದನ್ನು ಬಿಟ್ಟು ಎಲ್ಲರೂ ವಾಪಸು ಬರುತ್ತಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ನನಗೀಗ ವಯಸ್ಸಾಗಿದೆ. ‘ಮುಗಿದ ಪಯಣಗಳು’ ಎಂಬ ಪುಟದ ತಳದಲ್ಲಿ ಬಿದ್ದುಕೊಂಡಿದ್ದೇನೆ, ತೆರೆಯುವವರು ಅಪರೂಪ. ‘ನಕಲು’ ಗುಂಡಿ ಈಗಲೂ ಇದೆ. ಅದು ಒತ್ತಿದ ಸದ್ದಿಗೆ ಇಂದಿಗೂ ನನ್ನ ಜೀವ ಝಲ್ಲೆನ್ನುತ್ತದೆ. ಆದರೆ ಈಗಿನ ಮರಿ ದಾಖಲೆಗಳು ದಿಕ್ಕು ಮತ್ತು ಹತ್ತಿದವರ ಹೆಸರು ಎಂಬ ಎರಡು ಖಾನೆ ಖಾಲಿ ಇಟ್ಟುಕೊಂಡೇ ಹುಟ್ಟುತ್ತವೆ, ಅವನ್ನು ತುಂಬದೆ ‘ಉಳಿಸಿ’ ಒತ್ತಿದರೆ ಉಳಿಯುವುದಿಲ್ಲ. ಜಲಜ ಹಟ ಹಿಡಿದು ಹಾಗೆ ಮಾಡಿಸಿದಳು. ದಿಕ್ಕಿನ ಖಾನೆಯ ಹೆಸರನ್ನೂ ಅವಳೇ ಬದಲಾಯಿಸಿದಳು.

ಹೀಗೆ ಬದಲಾದ ಮೊದಲ ದಿನ ಹೆರಿಯ ಎಂದಿನಂತೆ ಮೊಣಕೈ ಊರಿ ನಿಂತ. ಜಲಜ ತಲೆಯೆತ್ತಿ ಅವನ ಕಣ್ಣು ನೋಡಿಯೇ ಕೇಳಿದಳು.

“ಹೆರಿಯಣ್ಣ, ಯಾವ್ ಬದಿಯಿಂದ ಬತ್ರಿ?”

ಹೆರಿಯ ತಬ್ಬಿಬ್ಬಾದ. ಹೋಗುವುದನ್ನು ಬಿಟ್ಟು ಮರಳುವುದನ್ನು ಕೇಳುವ ಈ ಪ್ರಶ್ನೆಯಲ್ಲಿ ಯಾವ ಅಪಶಕುನವೂ ಇರಲಿಲ್ಲ.

“ಬಡಗಿಂದ ಬತ್ತೆ” ಎಂದ ಮೆಲ್ಲಗೆ.

“ಯಾರ್ಯಾರ್ ಬತ್ರಿ?”

ಹೆರಿಯ ಹೆಸರುಗಳನ್ನು ಹೇಳತೊಡಗಿದ. ಅಷ್ಟರಲ್ಲಿ ಹಿಂದಿನಿಂದ ಬಚ್ಚ ಎಲ್ಲರನ್ನೂ ಸರಿಸಿಕೊಂಡು ಕೌಂಟರಿಗೆ ಬಂದ. ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಬಿಡಿಬಿಡಿಯಾಗಿ ಹೇಳಿದ. ಜಲಜ ಅದನ್ನು ಟೈಪ್ ಮಾಡಿ ಮುಗಿಸಿ ಕಂಪ್ಯೂಟರಿನ ಗಾಜನ್ನು ಅವನ ಕಡೆ ತಿರುಗಿಸಿ ತೋರಿಸುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.