ಬೀದಿಯಲ್ಲಿ ಗುರುತಿಲ್ಲ

ಉಪಕಾರ ಮಾಡಿಯೇ ತೀರುತ್ತೇನೆಂದು ಹೊರಟವರನ್ನು ಕಂಡರೆ ಗ್ಲೆನಿಸ್ ಟ್ರೆಂಬತ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಗ್ರಹಚಾರಕ್ಕೆ ಅಂಥವರಿಗೆ ತರಬೇತಿ ಕೊಡುವುದೇ ಅವಳ ಕೆಲಸ. ಟಾಸ್ಮೇನಿಯಾದ ಉತ್ತರ ಕರಾವಳಿಯ ಆ ಸಣ್ಣ ಊರಿನ ಲೈಬ್ರರಿಯಲ್ಲಿ, ಓದುಬರಹ ಬಾರದ ದೊಡ್ಡವರಿಗೆ ಪುಕ್ಕಟೆಯಾಗಿ ಕಲಿಸುತ್ತೇವೆಂದು ಬಂದವರನ್ನು ಆರು ಮಂಗಳವಾರ ಕೂರಿಸಿಕೊಂಡು, ಹೇಗೆ ಕಲಿಸಬೇಕು ಎನ್ನುವುದಕ್ಕಿಂತ ಹೇಗೆ ಕಲಿಸಬಾರದು ಎನ್ನುವುದನ್ನೇ ಹೆಚ್ಚಾಗಿ ಹೇಳಿಕೊಡುತ್ತಿದ್ದಳು.

ಈ ಸಲ ಏಳು ಜನ ಬಂದಿದ್ದರು. ಚಹಾ ಕುಡಿದರು, ಲ್ಯಾಮಿಂಗ್ಟನ್ ಕೇಕು ತಿಂದರು, ಸರ್ಟಿಫಿಕೇಟು ಹಿಡಿದು ಫೋಟೋ ತೆಗೆಸಿಕೊಂಡರು. ಹೋಬಾರ್ಟಿನ ಮುಖ್ಯ ಕಚೇರಿ ಆ ಫೋಟೋ ನೋಡಿ ಪಾವನವಾಯಿತು. ಅಲ್ಲಿಗೆ ಆರು ಜನರ ಸೇವೆಯ ಹುಮ್ಮಸ್ಸು ಇಳಿಯಿತು. ಒಬ್ಬಳಿಗೆ ಮೊಮ್ಮಗು ಹುಟ್ಟಿತು, ಒಬ್ಬನಿಗೆ ಮೊಣಕಾಲು ನೋವು ಬಂತು, ಮಿಕ್ಕವರು ಚಳಿ ತಪ್ಪಿಸಿಕೊಳ್ಳಲು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೋದರು. ಉಳಿದವರು ಡೆಸ್ಮಂಡ್ ಪಾಸ್ಕೋ ಒಬ್ಬರೇ. ಲಾನ್ಸೆಸ್ಟನ್ನಿನ ಯಾವುದೋ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾಗಿ ಈ ಊರಿಗೆ ಬಂದು ನೆಲೆಸಿದ್ದ ಮಹಾನುಭಾವರು.

ಸಾಹೇಬರು ತರಬೇತಿಯ ಮಾತುಗಳನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದರು. ಅದರಲ್ಲೂ ಗ್ಲೆನಿಸ್ ಮೂರು ಸಲ ಹೇಳಿದ ಒಂದು ನಿಯಮವಿತ್ತು: ಪಾಠದ ಕೋಣೆಯ ಹೊರಗೆ ಕಲಿಯುವವನು ಎದುರಾದರೆ ನಿಮಗೆ ಅವನ ಗುರುತಿಲ್ಲ. ಅವನಾಗಿ ಮಾತಾಡಿಸಿದರೆ ಮಾತಾಡಿ, ಇಲ್ಲವಾದರೆ ನಿಮ್ಮ ಪಾಡಿಗೆ ನೀವು ಹೋಗಿ. ಡೆಸ್ಮಂಡ್ ಈ ಸಾಲಿನ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದಿದ್ದರು. ಗೆರೆ ಬಹಳ ನೆಟ್ಟಗಿತ್ತು.

ಅವರ ಪಾಲಿಗೆ ಬಂದವನು ರೋವನ್ ಸ್ಕೆಗ್ಸ್. ನಲವತ್ತಾರು ವರ್ಷ, ಆಲೂಗಡ್ಡೆ ಪ್ಯಾಕಿಂಗ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷದ ದುಡಿಮೆ. ಮುಂದಿನ ಹಂಗಾಮಿನಿಂದ ನೀನೇ ಸೂಪರ್‌ವೈಸರ್ ಎಂದು ಮಾಲೀಕ ಹೇಳಿದ್ದ. ಸೂಪರ್‌ವೈಸರ್ ಆದವನು ದಿನಾ ಬೆಳಿಗ್ಗೆ ಸುರಕ್ಷತೆಯ ರಿಜಿಸ್ಟರ್ ಓದಿ, ತುಂಬಿ, ಸಹಿ ಹಾಕಬೇಕು. ರೋವನ್‌ಗೆ ಸಹಿಯೊಂದೇ ಬರುತ್ತಿತ್ತು. ಆಗಸ್ಟ್ ಕೊನೆಯೊಳಗೆ ಹ್ಞೂಂ ಅನ್ನಬೇಕು, ಇಲ್ಲವೇ ಕಾರಣ ಹೇಳದೆ ಒಲ್ಲೆ ಅನ್ನಬೇಕು. ಅವನು ಓದಲಾರ ಎನ್ನುವುದು ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಲೈಬ್ರರಿಗೆ ಕಸದ ಡಬ್ಬಗಳ ಪಕ್ಕದ ಹಿಂಬಾಗಿಲಿನಿಂದ, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಬರುತ್ತಿದ್ದ.

ಮೊದಲ ದಿನ ಡೆಸ್ಮಂಡ್ ಅವನ ಮುಂದೆ ಬಾತುಕೋಳಿ ಮರಿಯ ಚಿತ್ರದ ಪುಸ್ತಕ ಇಟ್ಟಿದ್ದರು. ಗ್ಲೆನಿಸ್ ಅದನ್ನು ಕಿತ್ತುಕೊಂಡು ಶೆಡ್ಡಿನ ರಿಜಿಸ್ಟರಿನ ಖಾಲಿ ಹಾಳೆಗಳನ್ನು ಕೊಟ್ಟಳು. ಆಮೇಲೆ ಪ್ರತಿ ವಾರವೂ ಪಾಠಕ್ಕೆ ಮುಂಚೆ ಗುರುಗಳಿಗೇ ಅರ್ಧ ಗಂಟೆ ಪಾಠ ಮಾಡಿದಳು. ಹೀಗೆ ಐದು ಮಂಗಳವಾರ ಹೇಗೋ ನಡೆಯಿತು. ರೋವನ್ ಅರ್ಧ ಹಾಳೆ ಓದುವ ಮಟ್ಟಕ್ಕೆ ಬಂದ.

ಆ ಶನಿವಾರ ಫುಟ್‌ಬಾಲ್ ಇತ್ತು. ಮೈದಾನದ ಸುತ್ತ ಕಾರುಗಳು, ಗೋಲು ಬಿದ್ದಾಗಲೆಲ್ಲ ಹಾರನ್ನಿನ ಗದ್ದಲ. ಕ್ಯಾಂಟೀನಿನಲ್ಲಿ ಮಾಂಸ ತುಂಬಿದ ಬಿಸಿ ಪೈ ಹಂಚುವ ಸರದಿ ಗ್ಲೆನಿಸ್‌ದು. ಕ್ಯೂನಲ್ಲಿ ರೋವನ್, ಅವನ ಹಿಂದೆ ಶೆಡ್ಡಿನ ನಾಲ್ಕು ಜನ, ಅವರ ಹಿಂದೆ ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡ ಡೆಸ್ಮಂಡ್. ಗ್ಲೆನಿಸ್ ಅವರನ್ನು ನೋಡಿದವಳೇ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

"ಏನಪ್ಪಾ ರೋವನ್! ಮಂಗಳವಾರದ ಹೋಂವರ್ಕ್ ಮುಗೀತಾ?" ಬೆಳಗಿನ ಪ್ರಾರ್ಥನೆಗೆ ನಿಂತ ಮುನ್ನೂರು ಮಕ್ಕಳಿಗೆ ಕೇಳಿಸುವ ದನಿ ಅದು. "ಲೈಬ್ರರೀಲಿ ನಿನ್ನ ಪ್ರಗತಿ ನೋಡಿ ನನಗೆ ತುಂಬಾ ಹೆಮ್ಮೆ ಆಗಿದೆ ಕಣಯ್ಯ!"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಇಲ್ಲಿ ಬಾಯಿ ಬಿಟ್ಟವನೊಬ್ಬ, ಬಣ್ಣ ಹೋದದ್ದು ಇನ್ನೊಬ್ಬನದು. ರೋವನ್‌ನ ಮುಖ ಬೂದಿ ಬಣ್ಣಕ್ಕೆ ತಿರುಗಿತು.

ಶೆಡ್ಡಿನ ಕ್ಲಿಂಟ್ ಎಲ್ಲರಿಗಿಂತ ಮೊದಲು ಬಾಯಿ ಹಾಕಿದ. "ಹೋಂವರ್ಕಾ? ಲೋ ರೋವನ್, ಒಂದನೇ ಕ್ಲಾಸಿಗೆ ಸೇರ್ಕೊಂಡ್ಯೇನೋ? ಊಟದ ಡಬ್ಬಿ ಯಾರು ಕಟ್ಟಿಕೊಡ್ತಾರೆ, ನಿಮ್ಮಮ್ಮನಾ?" ಹಾರನ್ನುಗಳನ್ನೂ ಮೀರಿಸುವ ನಗು ಅವನದು. ಉಳಿದ ಮೂವರೂ ಜೊತೆಗೆ ನಕ್ಕರು.

ಗ್ಲೆನಿಸ್ ಪೈ ಎತ್ತುವ ಚಿಮ್ಮಟವನ್ನು ಕೌಂಟರಿಗೆ ಕುಟ್ಟಿದಳು. "ಹೋಂವರ್ಕ್ ಮುಗಿಸ್ಬೇಕಾದ್ದು ನೀವು ಡೆಸ್ಮಂಡ್! ನಿಮ್ಮ ಪಾಠ ಕೇಳಿದ್ರೆ ಓದೋಕೆ ಬರೋರಿಗೂ ಮರೆತುಹೋಗತ್ತೆ. ಪಕ್ಕದಲ್ಲಿ ಕೂತು ತಿದ್ದು ಅಂತ ತಾನೇ ಈ ರೋವನ್ನ ಹಾಕಿರೋದು?"

"ರೋವನ್ನಾ? ಮೇಷ್ಟ್ರಾ?" ಎಂದ ಕ್ಲಿಂಟ್.

"ಹ್ಞೂಂ, ಕಲಿಸೋ ತರಬೇತೀಲಿದಾನೆ. ಯಾಕೆ, ಆಲೂಗಡ್ಡೆ ಆರಿಸೋನಿಗೆ ತಲೆ ಇರಬಾರ್ದಾ? ಸಾಸ್ ಬೇಕೋ ಬೇಡ್ವೋ ಬೊಗಳು, ಹಿಂದೆ ಜನ ಕಾಯ್ತಾ ಇದಾರೆ."

ಎಲ್ಲರೂ ಡೆಸ್ಮಂಡ್ ಕಡೆ ತಿರುಗಿದರು. ಸಾಹೇಬರು ಬಾಯಿ ತೆರೆದು, ಗ್ಲೆನಿಸ್‌ಳ ಕೈಯಲ್ಲಿದ್ದ ಚಿಮ್ಮಟ ನೋಡಿ, "ಹೌದು... ನಾನಿನ್ನೂ ಕಲೀತಾ ಇದೀನಿ" ಎಂದರು. ಆ ಐದು ವಾರದಲ್ಲಿ ಅವರು ಆಡಿದ ಒಂದೇ ಒಂದು ಸತ್ಯವಾದ ಮಾತು ಅದು. ರೋವನ್ ಪೈಯನ್ನು ಅಲ್ಲೇ ಬಿಟ್ಟು ತನ್ನ ಗಾಡಿಯತ್ತ ನಡೆದುಬಿಟ್ಟ.

ಸೋಮವಾರ ಡೆಸ್ಮಂಡ್ ಲೈಬ್ರರಿಗೆ ಬಂದರು. "ನಾನು ಪ್ರೋತ್ಸಾಹ ಕೊಟ್ಟೆ ಅಷ್ಟೇ ಗ್ಲೆನಿಸ್. ನಲವತ್ತು ವರ್ಷ ಹೀಗೇ ಮಾಡಿದೀನಿ."

"ನಿಮ್ಮ ಪ್ರೋತ್ಸಾಹಕ್ಕಿಷ್ಟು ಬೆಂಕಿ ಹಾಕ! ಆ ನಲವತ್ತು ವರ್ಷದಲ್ಲಿ ಎಷ್ಟು ಮಕ್ಕಳು ನಾಚಿಕೆಗೆ ಹಿಂದಿನ ಬೆಂಚಿನಲ್ಲಿ ಮುದುರಿ ಕೂತ್ರು ಅಂತ ಲೆಕ್ಕ ಇಟ್ಟಿದೀರಾ? ಆ ಸರ್ಟಿಫಿಕೇಟು ವಾಪಸ್ ತನ್ನಿ. ಮುಂದಿನ ತಂಡದ ಜೊತೆ ಮೊದಲನೇ ಮಂಗಳವಾರದಿಂದ ಕೂತ್ಕೋಬೇಕು."

ಬೈದು ಹಗುರಾಗುತ್ತೇನೆಂದುಕೊಂಡಿದ್ದಳು, ಆಗಲಿಲ್ಲ. ಮಂಗಳವಾರ ರೋವನ್ ಬರಲಿಲ್ಲ. ಫೋನ್ ಮಾಡಬಾರದು, ಮನೆಗೆ ಹೋಗಬಾರದು, ಶೆಡ್ಡಿನ ಹತ್ತಿರವಂತೂ ಸುಳಿಯಲೇಬಾರದು. ನಿಯಮ ಮಾಡಿದವಳೇ ಅವಳು. ಬೇಕರಿಯಲ್ಲಿ ಅವನು ಎದುರಾದಾಗ ಬ್ರೆಡ್ಡು ನೋಡುತ್ತ ನಿಂತಳು. ಅವನೂ ಮಾತಾಡದೆ ಹೋದ. ಮಾಲೀಕನಿಗೆ ಉತ್ತರ ಕೊಡಲು ಹತ್ತು ದಿನ ಉಳಿದಿತ್ತು. ತಾನು ಹೇಳಿದ ಸುಳ್ಳು ಅವನ ಮಾನ ಕಾಪಾಡಿರಬಹುದು, ಆದರೆ ಮೇಷ್ಟ್ರೆನಿಸಿಕೊಂಡವನು ಇನ್ನು ಯಾವ ಮುಖ ಇಟ್ಟುಕೊಂಡು ಕಲಿಯಲು ಬಂದಾನು ಎನ್ನಿಸಿ ಅವಳಿಗೆ ಅನ್ನ ಸೇರದಂತಾಯಿತು.

ಮುಂದಿನ ಮಂಗಳವಾರ ಐದು ಗಂಟೆಗೆ ಲೈಬ್ರರಿಯ ಮುಂಬಾಗಿಲು ತೆರೆಯಿತು. ಮಣ್ಣು ಮೆತ್ತಿದ ಬೂಟಿನಲ್ಲೇ ರೋವನ್ ಸೀದಾ ಒಳಗೆ ಬಂದ.

"ಒಳ್ಳೇ ಪೀಕಲಾಟ ತಂದಿಟ್ರಿ ನನಗೆ" ಎಂದ.

"ಗೊತ್ತು ಕಣೋ. ತಪ್ಪಾಯ್ತು."

"ನಿಮಗೇನೂ ಗೊತ್ತಿಲ್ಲ. ಅವತ್ತು ಕ್ಯೂನಲ್ಲಿ ನಕ್ಕೋರಲ್ಲಿ ಒಬ್ಬ ನಿನ್ನೆ ನನ್ನನ್ನ ಶೆಡ್ಡಿನ ಹಿಂದಕ್ಕೆ ಕರ್ಕೊಂಡು ಹೋದ. ಹೊಡೀತಾನೇನೋ ಅಂದ್ಕೊಂಡೆ. ಅತ್ತುಬಿಟ್ಟ ಗ್ಲೆನಿಸ್. ಮಗಳು ಶಾಲೆಯಿಂದ ಚೀಟಿ ತಂದಾಗಲೆಲ್ಲ ಕನ್ನಡಕ ಸಿಗ್ತಿಲ್ಲ ಅಂತ ಹೇಳಿ ಹೇಳಿ ಸಾಕಾಗಿದೆಯಂತೆ. ನೀನು ಮೇಷ್ಟ್ರಲ್ವಾ, ನನಗೆ ಹೇಳ್ಕೊಡು ಅಂದ."

"ಯಾರು? ಕ್ಲಿಂಟ್—"

"ಹೆಸರು ಕೇಳ್ಬೇಡಿ. ಹೇಳಲ್ಲ."

ಗ್ಲೆನಿಸ್ ತುಟಿ ಕಚ್ಚಿಕೊಂಡಳು. ಓದಲು ಬಾರದವನನ್ನು ಗುರುತಿಸುವುದು ಹೇಗೆಂದು ಹತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವಳು ಅವಳು. ಎಷ್ಟೋ ಶನಿವಾರ ಅವನ ಕೈಗೆ ಪೈ ಕೊಟ್ಟಿದ್ದಳು, ಆ ನಗುವನ್ನು ಕೇಳಿದ್ದಳು, ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ಡೆಸ್ಮಂಡ್‌ಗೆ ಬೈದ ಬೈಗುಳದಲ್ಲಿ ಅರ್ಧವನ್ನಾದರೂ ತನಗೆ ತಾನೇ ಬೈದುಕೊಂಡಳು.

"ಅವನಿಗೆ ಏನು ಹೇಳಿದೆ?"

"ಆಗ್ಲಿ ಅಂದೆ. ಇನ್ನೇನನ್ಲಿ? ಅವನಿಗೆ ಹ್ಞೂಂ ಅಂದ ಮೇಲೆ ಮಾಲೀಕನಿಗೆ ಇಲ್ಲ ಅನ್ನೋಕಾಗತ್ತಾ? ಇವತ್ತು ಬೆಳಿಗ್ಗೆ ಅಲ್ಲೂ ಹ್ಞೂಂ ಅಂದುಬಂದೆ." ರೋವನ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕುರ್ಚಿ ಎಳೆದುಕೊಂಡು ಕೂತ, ಅವಳಿಗೂ ಒಂದು ಕುರ್ಚಿ ಎಳೆದ. "ಅವನು ಗುರುವಾರ ಬರ್ತಾನೆ. ಅಷ್ಟರೊಳಗೆ ನಾನು ಅವನಿಗಿಂತ ಒಂದು ಪುಟನಾದ್ರೂ ಮುಂದಿರ್ಬೇಕು. ಸುಮ್ನೆ ನಿಂತಿದೀರಲ್ಲ, ಬನ್ನಿ, ಶುರು ಮಾಡಿ."